ತಿಂಗಳ ದಿನಸಿ ಲೆಕ್ಕ ತಪ್ಪುವುದೆಲ್ಲಿ, ಹಿಡಿಯುವುದು ಹೇಗೆ

ಒಂದನೇ ತಾರೀಕಿಗೆ ಅಂಗಡಿಗೆ ಕೊಡುವ ಉದ್ದನೆಯ ಚೀಟಿಯಿಂದ ಮನೆಯ ಲೆಕ್ಕ ಕೆಡುವುದು ಅಪರೂಪ. ಆ ಚೀಟಿ ಬರೆಯುವಾಗ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಗೋಡಂಬಿ ಕಾಲು ಕೆ.ಜಿ. ಬೇಕೋ, ನೂರು ಗ್ರಾಂ ಸಾಕೋ ಎಂದು ಚರ್ಚೆಯೂ ನಡೆಯುತ್ತದೆ. ದುಡ್ಡು ಸೋರುವುದು 10ರಿಂದ 25ನೇ ತಾರೀಕಿನ ನಡುವೆ. ಬೀದಿ ತುದಿಯ ಅಂಗಡಿಯಲ್ಲಿ 40 ರೂಪಾಯಿ, ಬೇಕರಿಯಲ್ಲಿ 90, ನೆಂಟರು ಬಂದರೆಂದು ಇನ್ನೊಂದು ಲೀಟರ್ ಹಾಲು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಲ್ಲೇ ಮರೆತ 65. ಚೀಟಿಯನ್ನು ಎಷ್ಟು ಬಿಗಿಯಾಗಿ ಬರೆದರೂ ಈ ಹದಿನೈದು ದಿನಕ್ಕೆ ಕಟ್ಟೆ ಹಾಕದಿದ್ದರೆ ಲೆಕ್ಕ ನಿಲ್ಲುವುದಿಲ್ಲ.

ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿರುವುದು ಹಾಸನ–ಚಿಕ್ಕಮಗಳೂರು ಕಡೆಯ ನಾಲ್ಕು ಜನರ ಮನೆ: ಇಬ್ಬರು ದೊಡ್ಡವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ದಿನಕ್ಕೊಂದು ಹೊತ್ತು ಮುದ್ದೆ, ಇನ್ನೊಂದು ಹೊತ್ತು ಅನ್ನ. ಬೆಲೆಗಳು ಲೆಕ್ಕ ತೋರಿಸಲು ಹಾಕಿದ ಸುಮಾರು ಬೆಲೆಗಳು. ನಿಮ್ಮ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಿ. ಗ್ಯಾಸು, ಕರೆಂಟು, ಬಸ್ ಚಾರ್ಜು ಇದರಲ್ಲಿ ಸೇರಿಲ್ಲ.

1. ರೂಪಾಯಿಗಿಂತ ಮೊದಲು ಗ್ರಾಂ

"ಈ ತಿಂಗಳು ಹತ್ತು ಸಾವಿರದೊಳಗೆ ಮುಗಿಸಬೇಕು" ಎಂದು ಹೊರಟ ಬಜೆಟ್ ಮೂರನೇ ವಾರಕ್ಕೆ ಮುರಿಯುತ್ತದೆ. ಆ ಹತ್ತು ಸಾವಿರ ಎಲ್ಲಿಂದ ಬಂತು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿರುವುದಿಲ್ಲ. ಮೊದಲ ತಿಂಗಳು ಏನನ್ನೂ ಕಡಿಮೆ ಮಾಡಬೇಡಿ. ಬರೆದಿಡಿ, ಅಷ್ಟೇ. ಒಂದು ನೋಟ್‌ಬುಕ್‌ನಲ್ಲಿ ಐದು ಕಾಲಂ ಸಾಕು: ತಾರೀಕು, ಸಾಮಾನು, ತೂಕ, ಕೊಟ್ಟ ದುಡ್ಡು, ತಂದವರು ಯಾರು. ಕೊನೆಯ ಕಾಲಂ ಜಗಳಕ್ಕಲ್ಲ. ಮೂರು ಜನ ತರುವ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಮೂರು ಸಲ ಬರುತ್ತದೆ ಎನ್ನುವುದು ಆ ಕಾಲಂನಿಂದಲೇ ಗೊತ್ತಾಗುತ್ತದೆ.

ಅದೇ ತಿಂಗಳ ಮೊದಲ ದಿನ ಡಬ್ಬಿಗಳಲ್ಲಿ ಎಷ್ಟಿದೆ ಎಂದು ಅಳೆಯಿರಿ, ಕೊನೆಯ ದಿನ ಮತ್ತೆ ಅಳೆಯಿರಿ. ಇದಕ್ಕೆ ಅಡುಗೆಮನೆ ತಕ್ಕಡಿ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ದಿನವೂ ಅಕ್ಕಿ ಅಳೆಯುವ ಪಾವನ್ನೋ ಲೋಟವನ್ನೋ ಅಂಗಡಿಗೆ ಒಯ್ದು, ಒಮ್ಮೆ ಅಕ್ಕಿ ತುಂಬಿ, ಒಮ್ಮೆ ತೊಗರಿಬೇಳೆ ತುಂಬಿ ತೂಗಿಸಿಕೊಂಡು ಬನ್ನಿ. ಪಾವು ಎಂದರೆ ಇಷ್ಟೇ ಗ್ರಾಂ ಎಂದು ಹೇಳುವಂತಿಲ್ಲ, ಮನೆಯಿಂದ ಮನೆಗೆ ಪಾವಿನ ಅಳತೆ ಬೇರೆ. ನಿಮ್ಮ ಪಾವಿನ ತೂಕ ತಿಳಿದ ಮೇಲೆ ಉಳಿದದ್ದೆಲ್ಲ ಗುಣಾಕಾರ.

ಮಾದರಿ ಮನೆಯ ತಿಂಗಳ ತೂಕ ಹೀಗೆ ಬರುತ್ತದೆ. ಊಟದ ಅಕ್ಕಿ ದಿನಕ್ಕೆ 500 ಗ್ರಾಂನಂತೆ 15 ಕೆ.ಜಿ.; ದೋಸೆ, ಇಡ್ಲಿ, ಅಕ್ಕಿರೊಟ್ಟಿಗೆ ಇನ್ನೊಂದು 5. ಮುದ್ದೆಯೊಂದಕ್ಕೆ 80ರಿಂದ 90 ಗ್ರಾಂ ಹಿಟ್ಟು ಹಿಡಿದರೆ ರಾಗಿ 10 ಕೆ.ಜಿ. ತೊಗರಿಬೇಳೆ ದಿನಕ್ಕೆ 100 ಗ್ರಾಂ, ಅಂದರೆ 3 ಕೆ.ಜಿ. ಉದ್ದಿನಬೇಳೆ 1, ಹುರುಳಿ 1, ಅಲಸಂದೆ ಅಥವಾ ಕಡಲೆಕಾಳು 1, ಕಡಲೆಬೇಳೆ, ಹೆಸರುಬೇಳೆ, ಹೆಸರುಕಾಳು ತಲಾ ಅರ್ಧ. ಗೋಧಿ ಹಿಟ್ಟು 3, ರವೆ 2, ಅವಲಕ್ಕಿ 1. ಅಡುಗೆ ಎಣ್ಣೆ 3 ಲೀಟರ್: ಒಬ್ಬರಿಗೆ ದಿನಕ್ಕೆ 25 ಮಿಲಿಲೀಟರಿನಂತೆ ತಿಂಗಳಿಗೆ ಮುಕ್ಕಾಲು ಲೀಟರ್ ಎಂಬ ಲೆಕ್ಕ. ನಿಮ್ಮ ಮನೆಯಲ್ಲಿ ಐದು ಲೀಟರ್ ಹೋಗುತ್ತಿದ್ದರೆ ಬಾಣಲೆ ದಿನವೂ ಒಲೆ ಹತ್ತುತ್ತಿದೆ ಎಂದೇ ಅರ್ಥ. ಸಕ್ಕರೆ 3, ಬೆಲ್ಲ 1, ಉಪ್ಪು 1 ಕೆ.ಜಿ. ಕಾಫಿಪುಡಿ ಅರ್ಧದಿಂದ ಮುಕ್ಕಾಲು ಕೆ.ಜಿ. ತೆಂಗಿನಕಾಯಿ ಎರಡು ದಿನಕ್ಕೊಂದರಂತೆ 15.

ಈ ಅಂಕಿಗಳು ನಿಮ್ಮ ಮನೆಗೆ ಹೊಂದದಿರಬಹುದು. ಎರಡು ಹೊತ್ತೂ ಅನ್ನ ಉಣ್ಣುವ ಕೊಪ್ಪ, ಶೃಂಗೇರಿ ಕಡೆಯ ಮನೆಯಲ್ಲಿ ರಾಗಿಯ ಜಾಗಕ್ಕೆ ಅಕ್ಕಿಯೇ ಬರುತ್ತದೆ. ಒಂದು ತಿಂಗಳು ಬರೆದ ನಿಮ್ಮ ನೋಟ್‌ಬುಕ್ಕೇ ಕೊನೆಯ ಮಾತು.

2. ದುಡ್ಡನ್ನು ಆರು ಪಾಲು ಮಾಡಿ

ತಿಂಗಳಿಗೆ 12,000 ರೂ. ಇಟ್ಟುಕೊಂಡ ಮನೆಯಲ್ಲಿ ಪಾಲು ಹೀಗಿರಬಹುದು:

ದಿನಸಿ: 5,000
ತರಕಾರಿ, ಹಣ್ಣು: 2,400 (ವಾರಕ್ಕೆ 600)
ಹಾಲು, ಮೊಸರು: 2,300
ಮೊಟ್ಟೆ, ಕೋಳಿ, ಮೀನು: 1,200 (ವಾರಕ್ಕೆ 300)
ಸಾಬೂನು, ಪೇಸ್ಟು, ಪಾತ್ರೆ–ಬಟ್ಟೆ ತೊಳೆಯುವ ಪುಡಿ: 600
ನಡುವಿನ ಸಣ್ಣ ಖರ್ಚು: 500

ಕೊನೆಯ 500 ರೂಪಾಯಿಯೇ ಈ ಲೆಕ್ಕದ ಬೀಗ. ಬಹುಪಾಲು ಮನೆಗಳ ಬಜೆಟ್‌ನಲ್ಲಿ ಈ ಸಾಲೇ ಇರುವುದಿಲ್ಲ. "ಹೊರಗೆ ಏನೂ ತರುವುದಿಲ್ಲ" ಎಂಬ ಶಪಥ ಮಾತ್ರ ಇರುತ್ತದೆ. ಶಪಥ ಮಳೆ ಹಿಡಿದ ಮೊದಲ ಸಂಜೆಗೇ, ಬಿಸಿ ಬೋಂಡಾ ವಾಸನೆಗೆ ಕರಗುತ್ತದೆ. ತರುವುದು ಖಂಡಿತ ಎಂದು ಒಪ್ಪಿಕೊಂಡು ಅದಕ್ಕೆ ಎಲ್ಲೆ ಹಾಕುವುದು ವಾಸಿ.

ಹಾಲಿನ ಸಾಲು ಸ್ಥಿರ ಎಂದು ಎಲ್ಲರೂ ಭಾವಿಸುತ್ತಾರೆ, ಆದರೆ ಅದೂ ಅಲುಗಾಡುತ್ತದೆ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯವು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು, ಮೊಸರು ಲೀಟರಿಗೆ 4 ರೂ. ಏರಿದಾಗ ದಿನಕ್ಕೆ ಒಂದು ಲೀಟರ್ ಹಾಲು, ಅರ್ಧ ಲೀಟರ್ ಮೊಸರು ಕೊಳ್ಳುವ ಮನೆಗೆ ತಿಂಗಳಿಗೆ 180 ರೂ. ಹೆಚ್ಚಾಯಿತು. ಇಂಥ ಏರಿಕೆ ಬಂದ ದಿನವೇ ಪಾಲುಗಳನ್ನು ತಿದ್ದಬೇಕು. "ಹೇಗೋ ಸರಿಹೋಗುತ್ತೆ" ಎಂದು ಬಿಟ್ಟರೆ ಆ 180 ತರಕಾರಿಯ ಪಾಲನ್ನು ತಿನ್ನುತ್ತದೆ. ಜಾಸ್ತಿ ತಂದ ಅರ್ಧ ಲೀಟರಿಗೆ ಗೋಡೆಯ ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ ಒಂದು ಗೆರೆ ಎಳೆಯುವ ಹಳೆಯ ಅಭ್ಯಾಸ ಬಿಡಬೇಡಿ. ಫೋನಿನ ಯಾವ ಆ್ಯಪಿಗಿಂತಲೂ ಅದು ಕಣ್ಣಿಗೆ ಬೀಳುತ್ತದೆ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಈ 12,000ದೊಳಗೆ ಸೇರಿಸಬೇಡಿ. ಅದು ಖಾತೆಗೆ ಬೀಳುವ ದಿನ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ, ಅದನ್ನೇ ನಂಬಿ ಬರೆದ ಚೀಟಿ ಅಂಗಡಿ ಸಾಲವಾಗಿ ಕೂರುತ್ತದೆ. ಬಂದಾಗ ವರ್ಷದ ಸಾಮಾನಿಗೆ ತೆಗೆದಿಡಿ; ಅದರ ಮಾತು ಮುಂದೆ ಬರುತ್ತದೆ.

3. ಚೀಟಿ ಬರೆಯುವ ಕ್ರಮ

ಡಬ್ಬಿ ನೋಡದೆ ಚೀಟಿ ಬರೆಯಬಾರದು. ಬೇಕಾದ ತೂಕದಿಂದ ಇರುವ ತೂಕ ಕಳೆದು ಉಳಿದದ್ದನ್ನೇ ಬರೆಯಿರಿ. ಕಡಲೆಬೇಳೆ, ಮೆಂತ್ಯ, ಸಾಸಿವೆ, ಗಸಗಸೆ – ಈ ನಾಲ್ಕು ಯಾವ ಮನೆಯಲ್ಲಿ ನೋಡಿದರೂ ಎರಡೆರಡು ಪೊಟ್ಟಣ ಇರುತ್ತವೆ. ಹಳೆಯ ಚೀಟಿಯನ್ನೇ ನಕಲು ಮಾಡುವುದರ ಫಲ ಅದು.

ತರುವಾಗ ಒಟ್ಟು ಬೆಲೆ ನೋಡದೆ ಕೆ.ಜಿ. ಬೆಲೆ ನೋಡಿ. ಎರಡು ಕಡೆ ಕಣ್ಣು ಮೋಸಹೋಗುತ್ತದೆ.

ಮೊದಲನೆಯದು ಅಕ್ಕಿ ಚೀಲ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಚೀಲಗಳಿಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ, ಬಿಡಿಯಾಗಿ ತೂಗಿಕೊಡುವುದಕ್ಕೂ ಇಲ್ಲ. ಅಂಗಡಿಯಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡದ್ದು ಈ ಕಾರಣಕ್ಕೆ. 26ರ ಚೀಲಕ್ಕೆ 1,430 ರೂ. ಆದರೆ ಕೆ.ಜಿ.ಗೆ 55, 25ರ ಚೀಲ 1,400 ಆದರೆ 56. ಹೆಚ್ಚು ದುಡ್ಡು ಕೊಟ್ಟರೂ ಅಗ್ಗವಾದದ್ದು ಮೊದಲನೆಯದು. ಹಳೆ ಅಕ್ಕಿಯೋ ಹೊಸದೋ ಎಂದೂ ಕೇಳಿಕೊಳ್ಳಿ. ಹಳೆಯದು ಹೆಚ್ಚು ನೀರು ಹೀರಿ ಅರಳುತ್ತದೆ, ಅದೇ ಪಾವಿಗೆ ಹೆಚ್ಚು ಅನ್ನವಾಗುತ್ತದೆ. ಹೊಸ ಅಕ್ಕಿ ಮುದ್ದೆಯಾಗಿ, ಮನೆಯವರು ಅರ್ಧ ತಟ್ಟೆಯಲ್ಲೇ ಬಿಟ್ಟರೆ ಕೆ.ಜಿ.ಗೆ ಉಳಿಸಿದ ಮೂರು ರೂಪಾಯಿಗೆ ಅರ್ಥವಿಲ್ಲ.

ಎರಡನೆಯದು ಎಣ್ಣೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲಿ ಅದೇ ಎತ್ತರದ, ಅದೇ ಬಣ್ಣದ ಪ್ಯಾಕೆಟ್ಟಿನಲ್ಲಿ 850 ಗ್ರಾಂ ಇರಬಹುದು. ಲೀಟರ್ ಪ್ಯಾಕೆಟ್ 148, ಚಿಕ್ಕದು 140 ಎಂದಿಟ್ಟುಕೊಳ್ಳಿ: ನೂರು ಗ್ರಾಂಗೆ ಮೊದಲನೆಯದು 16 ರೂ. 26 ಪೈಸೆ, ಎರಡನೆಯದು 16 ರೂ. 47 ಪೈಸೆ. ಎಂಟು ರೂಪಾಯಿ ಉಳಿಯಿತು ಎಂದುಕೊಂಡವರು ತಿಂಗಳ ಕೊನೆಯಲ್ಲಿ ಒಂದು ಪ್ಯಾಕೆಟ್ ಹೆಚ್ಚಿಗೆ ತರುತ್ತಾರೆ. ಎಂಆರ್‌ಪಿ ಹತ್ತಿರ ಗ್ರಾಂಗೋ ಮಿಲಿಲೀಟರಿಗೋ ಎಷ್ಟು ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. "ಒಂದು ಕೊಂಡರೆ ಒಂದು ಉಚಿತ" ಎನ್ನುವಲ್ಲಿ ಮೊದಲು ತಾರೀಕು ನೋಡಿ, ಆಮೇಲೆ ಬೆಲೆ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಮೈಸಾಬೂನು, ಶ್ಯಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ತುಪ್ಪ, ಬೆಣ್ಣೆಯ ಮೇಲಿನದು 12ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ದರಗಳನ್ನು ಹಿಡಿದು ಲೆಕ್ಕ ಹಾಕುತ್ತಿದ್ದರೆ ಸಾಬೂನಿನ ಸಾಲಿನಲ್ಲಿ ಸ್ವಲ್ಪ ಉಳಿಯಬೇಕು. ಉಳಿಯದಿದ್ದರೆ ಬಿಲ್ ನೋಡಿ.

ಕಾಫಿ ಊರಿನವರಿಗೆ ಕಾಫಿಯ ಬಗ್ಗೆ ಹೇಳುವುದು ಅಧಿಕಪ್ರಸಂಗ, ಆದರೂ ಒಂದು ಮಾತು. ಲೋಟವೊಂದಕ್ಕೆ 8 ಗ್ರಾಂ ಪುಡಿ ಹಾಕಿ ಇಬ್ಬರು ದಿನಕ್ಕೆ ಎರಡೆರಡು ಸಲ ಕುಡಿದರೆ ತಿಂಗಳಿಗೆ 960 ಗ್ರಾಂ ಬೇಕು. ಮುಕ್ಕಾಲು ಕೆ.ಜಿ.ಯಲ್ಲಿ ಮುಗಿಸಬೇಕಾದರೆ 6 ಗ್ರಾಂಗೆ ಇಳಿಯಬೇಕು, ಇಲ್ಲವೇ ಚಿಕೋರಿ ಬೆರೆಸಿದ್ದು ಕೊಳ್ಳಬೇಕು. ಚಿಕೋರಿ ಎಂದರೆ ಹುರಿದು ಪುಡಿ ಮಾಡಿದ ಒಂದು ಬೇರು; ಅಗ್ಗ, ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟು ಬೆರೆಸಿದೆ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರಲೇಬೇಕು. ಚಿಕೋರಿ ಶೇ. 20 ಇರುವ ಮಿಶ್ರಣಕ್ಕೂ 40 ಇರುವುದಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಕೇಳಿದರೆ ನೀವು ಕಾಫಿಯ ಬೆಲೆಗೆ ಬೇರು ಕೊಳ್ಳುತ್ತಿದ್ದೀರಿ. ಒಂದೇ ಸಲ ಕೆ.ಜಿ. ಪುಡಿ ಮಾಡಿಸಿಡಬೇಡಿ, ಕಾಲು ಕೆ.ಜಿ.ಯಂತೆ ತನ್ನಿ. ಘಮ ಹೋದ ಪುಡಿಯನ್ನು ಮನೆಯವರು ಎರಡು ಚಮಚ ಹೆಚ್ಚಿಗೆ ಹಾಕಿ ಸರಿದೂಗಿಸುತ್ತಾರೆ.

ಪಡಿತರದ ಅಕ್ಕಿ ಬರುವ ಮನೆಯಲ್ಲಿ ಅದನ್ನು ಮೊದಲು ಕಳೆದೇ ಚೀಟಿ ಬರೆಯಬೇಕು. ಊಟಕ್ಕೆ ಹಿಡಿಸದಿದ್ದರೆ ದೋಸೆ, ಇಡ್ಲಿ, ರೊಟ್ಟಿ ಹಿಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಆ 5 ಕೆ.ಜಿ. ಅಂಗಡಿಯಿಂದ ತರಬೇಕಾಗಿಲ್ಲ. ನೀರಿಗೆ ಹಾಕಿದಾಗ ಬೇರೆ ಬಣ್ಣದ ಕೆಲವು ಕಾಳು ತೇಲಿದರೆ "ಪ್ಲಾಸ್ಟಿಕ್ ಅಕ್ಕಿ" ಎಂದು ಚೆಲ್ಲಬೇಡಿ. ಅವು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಸಾರವರ್ಧಿತ ಕಾಳುಗಳು, ಸಾರವರ್ಧಿತ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ.

4. ಸಂತೆಗೆ ಹೋಗುವ ರೀತಿ

ಹಾಸನದ ಸಂತೆ ಮಂಗಳವಾರ, ಚಿಕ್ಕಮಗಳೂರಿನದು ಬುಧವಾರ. ತರಕಾರಿಯನ್ನು ವಾರಕ್ಕೊಮ್ಮೆ ಸಂತೆಯಲ್ಲೋ ಹಾಸನದ ಕಟ್ಟಿನಕೆರೆಯಂಥ ಮಾರುಕಟ್ಟೆಯಲ್ಲೋ ಕೊಂಡರೆ ಗಾಡಿಯವರ ಬೆಲೆಗಿಂತ ಕಡಿಮೆಯಾಗುವುದು ನಿಜ. ಆದರೆ ಚೀಲ ತುಂಬ ತಂದು ಶನಿವಾರ ಕೊಳೆತದ್ದು ಎಸೆದರೆ ಆ ಲಾಭ ತಿಪ್ಪೆಗೆ. ಕೊಳ್ಳುವಾಗಲೇ ದಿನ ಹಂಚಿಕೊಳ್ಳಿ. ಮೊದಲ ಎರಡು ದಿನಕ್ಕೆ ದಂಟು, ಸಬ್ಬಸಿಗೆ, ಮೆಂತ್ಯದಂಥ ಸೊಪ್ಪು. ಮೂರು, ನಾಲ್ಕನೆಯ ದಿನಕ್ಕೆ ಬೆಂಡೆ, ಬದನೆ, ಹುರುಳಿಕಾಯಿ. ಕೊನೆಯ ಮೂರು ದಿನಕ್ಕೆ ಎಲೆಕೋಸು, ಬೀಟ್‌ರೂಟ್, ಸಿಹಿಕುಂಬಳ, ಮಂಗಳೂರು ಸೌತೆ, ಆಲೂಗಡ್ಡೆ. ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿಡಿ. ತೊಳೆದಿಟ್ಟರೆ ಮರುದಿನಕ್ಕೇ ಲೋಳೆಯಾಗುತ್ತದೆ.

ಸಂತೆಗೆ 600 ರೂಪಾಯಿ ನಗದು ಒಯ್ಯಿರಿ, ನೂರರ ಆರು ನೋಟು. ಫೋನಿನಲ್ಲಿ ಕೊಟ್ಟರೆ ಆರುನೂರು ಯಾವಾಗ ಮುಗಿಯಿತು ಎಂದು ತಿಳಿಯುವುದಿಲ್ಲ. ಒಂದು ಸುತ್ತು ಬೆಲೆ ಕೇಳುತ್ತ ನಡೆದು, ಎರಡನೇ ಸುತ್ತಿನಲ್ಲಿ ಕೊಳ್ಳಿ. "ಗುಡ್ಡೆ ಇಪ್ಪತ್ತು" ಎಂಬಲ್ಲಿ ಗುಡ್ಡೆಯ ತಳ ನೋಡಿ. ಒಂದೆರಡು ಸಲ ಆ ಗುಡ್ಡೆಯನ್ನು ಬೇರೆ ಕಡೆ ತೂಗಿಸಿದರೆ ಕಣ್ಣಿಗೆ ಅಂದಾಜು ಕೂರುತ್ತದೆ. ಸಂಜೆ ಹೊತ್ತಾದಂತೆ ಬೆಲೆ ಇಳಿಯುತ್ತದೆ, ಜೊತೆಗೆ ಉಳಿದಿರುವುದು ಬೇರೆಯವರು ಆರಿಸಿ ಬಿಟ್ಟ ಮಾಲು. ಎಲೆಕೋಸು, ಕುಂಬಳಕ್ಕೆ ಸಂಜೆ ಹೋದರೆ ಲಾಭ. ಟೊಮೆಟೊ, ಸೊಪ್ಪಿಗೆ ನಷ್ಟ. ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿದ ಮೇಲೆ ಕೊಸರು ಕೇಳಿ.

ಬೆಲೆ ಏರುವ ತಿಂಗಳುಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಟೊಮೆಟೊ ಜುಲೈ, ಆಗಸ್ಟಿನಲ್ಲಿ ಹಾರುತ್ತದೆ. 2023ರ ಜುಲೈನಲ್ಲಿ ಕೆ.ಜಿ.ಗೆ ನೂರು ದಾಟಿದ್ದು ಯಾರೂ ಮರೆತಿಲ್ಲ. ಆ ವಾರಗಳಲ್ಲಿ ಹುಳಿಗೆ ಹುಣಸೆಹಣ್ಣು ಇದ್ದೇ ಇದೆ. ಈರುಳ್ಳಿ ಬೆಲೆ ಮಳೆಗಾಲದ ಕೊನೆಗೆ ಏರುತ್ತದೆ, ಆದರೆ ಒದ್ದೆ ಹವೆಯಲ್ಲಿ ಹತ್ತು ಕೆ.ಜಿ. ಕೂಡಿಡಲು ಹೋದರೆ ಮೂರು ಕೆ.ಜಿ. ಮೊಳಕೆ, ಎರಡು ಕೆ.ಜಿ. ಕೊಳೆ. ಹಾಸನದ ಮುಂಗಾರು ಆಲೂಗಡ್ಡೆ ಆಗಸ್ಟ್ ಹೊತ್ತಿಗೆ ಬರತೊಡಗುತ್ತದೆ. ಅಗ್ಗವೆಂದು ಮೂಟೆ ತರುವ ಆಸೆ ಬೇಡ. ಮಳೆಯಲ್ಲಿ ಕಿತ್ತ, ಸಿಪ್ಪೆ ಬಲಿಯದ ಗೆಡ್ಡೆ ಬೇಗ ಕೊಳೆಯುತ್ತದೆ, ಒಂದು ಕೊಳೆತರೆ ಸುತ್ತಲಿನವೂ ಹೋಗುತ್ತವೆ. ಎರಡು ಕೆ.ಜಿ.ಗಿಂತ ಹೆಚ್ಚು ಬೇಡ, ಈರುಳ್ಳಿಯ ಬುಟ್ಟಿಯಲ್ಲಿ ಇಡಬೇಡಿ, ಹಸಿರು ತಿರುಗಿದ್ದು ಕೊಳ್ಳಬೇಡಿ.

ಮೀನಿನ ವಿಷಯ ಸರಳ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಘಟ್ಟ ಹತ್ತಿ ಬರುವ ಮೀನು ಕಡಿಮೆ, ಬೆಲೆ ಎರಡರಷ್ಟಾಗುವುದೂ ಉಂಟು. ಆ ಎರಡು ತಿಂಗಳು ವಾರದ 300 ರೂಪಾಯಿಯನ್ನು ಮೊಟ್ಟೆಗೆ ತಿರುಗಿಸಿ. ಅದರ ಹಿಂದೆಯೇ ಬರುವ ಶ್ರಾವಣದಲ್ಲಿ ಮಾಂಸ ಬಿಡುವವರು ಹೆಚ್ಚಿರುವುದರಿಂದ ಕೋಳಿ, ಮೊಟ್ಟೆ ಬೆಲೆ ಇಳಿಯುವುದೂ ಇದೆ. ಕೋಳಿಯನ್ನು ಜೀವಂತ ತೂಕದಲ್ಲಿ ಕೊಂಡರೆ ಚರ್ಮ, ಪುಕ್ಕ ಹೋಗಿ ಕೈಗೆ ಬರುವುದು ಕೆ.ಜಿ.ಗೆ 650 ಗ್ರಾಂ ಆಸುಪಾಸು. ಜೀವಂತ ತೂಕಕ್ಕೆ 140 ಎಂದರೆ ಮಾಂಸಕ್ಕೆ 215 ಬಿದ್ದ ಹಾಗೆ. ಪಕ್ಕದ ಅಂಗಡಿಯಲ್ಲಿ ಕ್ಲೀನ್ ಮಾಡಿದ್ದು 210 ಇದ್ದರೆ ಅದೇ ಅಗ್ಗ.

5. ಹತ್ತರಿಂದ ಇಪ್ಪತ್ತೈದು

ಒಂದು ಡಬ್ಬಿಯಲ್ಲಿ ಆ 500 ರೂಪಾಯಿಯನ್ನು ಹತ್ತು, ಇಪ್ಪತ್ತರ ನೋಟುಗಳಾಗಿ ಹಾಕಿಡಿ. ಬೀದಿ ಅಂಗಡಿಗೆ, ಬೇಕರಿಗೆ ಹೋಗುವ ದುಡ್ಡೆಲ್ಲ ಅದರಿಂದಲೇ. ಫೋನಿನಲ್ಲಿ ಕೊಟ್ಟರೆ ಅಷ್ಟನ್ನು ಡಬ್ಬಿಯಿಂದ ತೆಗೆದು ಪರ್ಸಿಗೆ ಹಾಕಿಕೊಳ್ಳಬೇಕು. ಡಬ್ಬಿ 20ನೇ ತಾರೀಕಿಗೆ ಖಾಲಿಯಾದರೆ ಖಾಲಿ. ಮುಂದಿನ ತಿಂಗಳಿಗೆ 600 ಇಡಬೇಕೋ, ಬಿಸ್ಕತ್ತು ಬಿಡಬೇಕೋ ಎಂಬುದನ್ನು ಮೂವತ್ತರಂದು ನಿರ್ಧರಿಸಿ, ಇಪ್ಪತ್ತರಂದಲ್ಲ.

ಅತಿ ದುಬಾರಿ ಪ್ರಶ್ನೆ ಸಂಜೆ ಆರು ಗಂಟೆಗೆ ಬರುವ ಫೋನು: "ಬರ್ತಾ ಏನಾದ್ರೂ ತರ್ಲಾ?" ಅಡುಗೆಮನೆಯಲ್ಲಿ ನಿಂತವರಿಗೆ ತಕ್ಷಣ ಹೊಳೆಯುವುದು ಒಂದೇ ಸಾಮಾನು, ಅಂಗಡಿಗೆ ಹೋದವರು ತರುವುದು ನಾಲ್ಕು. ಇದಕ್ಕೆ ಮದ್ದು ಅಡುಗೆಮನೆ ಬಾಗಿಲಿಗೆ ಒಂದು ಸ್ಲೇಟು. ಮುಗಿಯುತ್ತ ಬಂದದ್ದನ್ನು ಕಂಡವರು ಬರೆಯಬೇಕು. ಆ ಪಟ್ಟಿ ಹಿಡಿದು ಅಂಗಡಿಗೆ ಹೋಗುವುದು ವಾರಕ್ಕೆರಡು ದಿನ ಮಾತ್ರ, ಬುಧವಾರ, ಶನಿವಾರ ಎಂದಿಟ್ಟುಕೊಳ್ಳಿ. ಬುಧವಾರ ಮುಗಿದ ಸಾಸಿವೆಗೆ ಶನಿವಾರದವರೆಗೆ ಜೀರಿಗೆ ಒಗ್ಗರಣೆ ಸಾಕು.

ಅಂಗಡಿ ಪುಸ್ತಕದಲ್ಲಿ ಬರೆಸಿ ತರುವ ಪದ್ಧತಿ ಇನ್ನೂ ಇದೆ. ಅದು ತಪ್ಪೇನಲ್ಲ, ಎಷ್ಟೋ ಮನೆಗಳನ್ನು ಕಷ್ಟದ ತಿಂಗಳಲ್ಲಿ ದಾಟಿಸುವುದು ಆ ಪುಸ್ತಕವೇ. ಆದರೆ "ಸಾಮಾನು – 240" ಎಂದು ಬರೆಯಲು ಬಿಡಬೇಡಿ. ತೂಕ, ದರ ಎರಡೂ ಬರೆಸಿ, ನಿಮ್ಮ ನೋಟ್‌ಬುಕ್‌ಗೂ ಅದೇ ದಿನ ಇಳಿಸಿ. ತಿಂಗಳ ಕೊನೆಗೆ ಒಟ್ಟು ಮೊತ್ತವನ್ನಷ್ಟೇ ನೋಡುವವರಿಗೆ ಯಾವ ಸಾಮಾನಿನ ದರ ಏರಿತು ಎಂದು ತಿಳಿಯುವ ದಾರಿಯೇ ಇಲ್ಲ.

15ನೇ ತಾರೀಕು ಮೂರು ಡಬ್ಬಿ ನೋಡಿ: ತೊಗರಿಬೇಳೆ, ಎಣ್ಣೆ, ಸಕ್ಕರೆ. ಅರ್ಧಕ್ಕಿಂತ ಕೆಳಗಿದ್ದರೆ ಆ ಹೊತ್ತಿನಿಂದಲೇ ಅಡುಗೆ ಬದಲಾಯಿಸಿ, 27ರವರೆಗೆ ಕಾಯಬೇಡಿ. ಬೇಳೆ ಕಡಿಮೆಯಾದ ಮನೆಗೆ ಹುರುಳಿ ದೊಡ್ಡ ಆಸರೆ. ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಬೇಯಿಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಬಸ್ಸಾರೂ ಅದೇ ಜಾತಿ: ಒಂದು ಕಟ್ಟು ಸೊಪ್ಪು, ಒಂದು ಹಿಡಿ ಕಾಳು ಒಟ್ಟಿಗೆ ಬೇಯಿಸಿ ಬಸಿದರೆ ನೀರು ಸಾರು, ಉಳಿದದ್ದು ಪಲ್ಯ. ನಾಲ್ಕು ಜನಕ್ಕೆ ಎರಡು ಪದಾರ್ಥ. ಉಪ್ಸಾರಿಗೆ ಕಾಯಿಯೂ ಬೇಡ, ಒಗ್ಗರಣೆಗೆ ಎಣ್ಣೆಯೂ ಬೇಡ, ಖಾರ ಚೆನ್ನಾಗಿ ಅರೆದರೆ ಸಾಕು. ಸಕ್ಕರೆ ಬೇಗ ಮುಗಿಯುತ್ತಿದ್ದರೆ ಅದು ಕಾಫಿ, ಟೀಗೇ ಹೋಗುತ್ತಿರುತ್ತದೆ. ಚಮಚ ಚಿಕ್ಕದು ಮಾಡಿ.

ಮೊಟಕು ಮಾಡುವಾಗ ಮಕ್ಕಳ ಹಾಲಿಗೂ ಮೊಟ್ಟೆಗೂ ಕಾಳಿಗೂ ಕೈ ಹಾಕಬೇಡಿ. ಎಣ್ಣೆ, ಸಕ್ಕರೆ, ಬೇಕರಿ, ಸಾಬೂನಿನ ಸಾಲುಗಳಲ್ಲಿ ಜಾಗವಿದೆ. ಒಂದೇ ತಿಂಗಳಿಗೆ ಒಟ್ಟು ಖರ್ಚಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಲು ಹೋದರೆ ಎರಡನೇ ತಿಂಗಳು ಮನೆಯವರೇ ದಂಗೆ ಏಳುತ್ತಾರೆ.

6. ವರ್ಷದ ಸಾಮಾನು ಮತ್ತು ಮಳೆಗಾಲ

ಕೆಲವು ಸಾಮಾನನ್ನು ತಿಂಗಳ ಲೆಕ್ಕದಲ್ಲಿ ಕೊಳ್ಳುವುದೇ ದಂಡ. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಹೊಸ ಫಸಲು ಬರುವ ಫೆಬ್ರವರಿ–ಮಾರ್ಚ್‌ನಲ್ಲಿ, ಹುಣಸೆಹಣ್ಣು ಅದೇ ಹೊತ್ತಿಗೆ, ರಾಗಿ ಕಟಾವಿನ ನಂತರ ಡಿಸೆಂಬರ್–ಜನವರಿಯಲ್ಲಿ. ತಿಂಗಳಿಗೆ 700 ರೂ. ಬೇರೆ ತೆಗೆದಿಟ್ಟರೆ ವರ್ಷಕ್ಕೆ 8,400. ನಾಲ್ಕು ಜನಕ್ಕೆ ಮೆಣಸಿನಕಾಯಿ 4 ಕೆ.ಜಿ., ಹುಣಸೆಹಣ್ಣು 6 ಕೆ.ಜಿ., ಧನಿಯ 4 ಕೆ.ಜಿ., ಜೊತೆಗೆ ರಾಗಿಯ ಒಂದು ಮೂಟೆಗೆ ಅದು ಸಾಲುತ್ತದೆ. ರಾಗಿ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಿಂದೆ ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದದ್ದು ಅದಕ್ಕೇ. ಹಿಟ್ಟು ಮಾತ್ರ ಎರಡು ಮೂರು ವಾರಕ್ಕಾಗುವಷ್ಟೇ ಬೀಸಿಸಿ. ಮಿಲ್ಲಿನಿಂದ ಬಂದ ಬಿಸಿ ಹಿಟ್ಟನ್ನು ನೇರ ಡಬ್ಬಿಗೆ ತುಂಬಿದರೆ ಮುಚ್ಚಳದಲ್ಲಿ ಬೆವರು ಕೂತು ಮುಗ್ಗುತ್ತದೆ. ಬಟ್ಟೆಯ ಮೇಲೆ ಹರಡಿ ಆರಿಸಿ.

ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆ ಕೆಟ್ಟುಹೋಗುವ ಸಾಮಾನು ಬೆಲೆ ಏರಿಕೆಗಿಂತ ದೊಡ್ಡ ನಷ್ಟ. ಮೃಗಶಿರಾ ಮಳೆ ಹಿಡಿಯುವ ಮೊದಲು, ಏಪ್ರಿಲ್–ಮೇ ಬಿಸಿಲಿನಲ್ಲಿ ಬೇಳೆಕಾಳು, ಮೆಣಸಿನಕಾಯಿ, ಹುಣಸೆಹಣ್ಣು ಒಣಗಿಸಿ, ಬಿಸಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ತೊಗರಿಬೇಳೆ, ಕಾಳಿಗೆ ಕೆ.ಜಿ.ಗೆ ಒಂದು ಟೀ ಚಮಚ ಹರಳೆಣ್ಣೆ ಸವರಿಟ್ಟರೆ ಹುಳು ಬೀಳುವುದು ಕಡಿಮೆ. ಬೇಯಿಸುವ ಮುನ್ನ ಬಿಸಿನೀರಲ್ಲಿ ತೊಳೆದರಾಯಿತು. ರವೆ ಹುರಿದಿಡಿ. ಹಳೆ ಅಕ್ಕಿಯ ಮೇಲೆ ಹೊಸ ಅಕ್ಕಿ ಸುರಿಯಬೇಡಿ: ತಳದಲ್ಲಿದ್ದ ನುಸಿ ಒಂದೇ ವಾರದಲ್ಲಿ ಮೇಲೇರುತ್ತದೆ. ಒದ್ದೆ ಚಮಚ ಉಪ್ಪಿಗೂ ಖಾರದಪುಡಿಗೂ ಸಕ್ಕರೆಗೂ ಒಂದೇ ಥರ ಶತ್ರು. ಬೆಲ್ಲ ಮಳೆಗಾಲದಲ್ಲಿ ನೀರೊಡೆಯುವುದರಿಂದ ಅರ್ಧ ಅರ್ಧ ಕೆ.ಜಿ. ತನ್ನಿ. ಮಲೆನಾಡಿನಲ್ಲಿ ಜೋರು ಮಳೆಗೆ ಕರೆಂಟು ದಿನಗಟ್ಟಲೆ ಹೋಗುವುದರಿಂದ ಫ್ರಿಜ್ ನಂಬಿ ವಾರದ ಮಾಂಸ ತರಬೇಡಿ.

ಹಬ್ಬದ ತಿಂಗಳಿಗೂ ಹೀಗೆ ಬೇರೆ ತೆಗೆದಿಟ್ಟ ದುಡ್ಡೇ. ವರಮಹಾಲಕ್ಷ್ಮಿ, ಗೌರಿ–ಗಣೇಶ, ದೀಪಾವಳಿ, ಸಂಕ್ರಾಂತಿ, ಯುಗಾದಿ: ಐದಕ್ಕೂ ಎಳ್ಳು, ಬೆಲ್ಲ, ತುಪ್ಪ, ಹೂವು, ಹಣ್ಣು ತಿಂಗಳ ಲೆಕ್ಕ ಮೀರುವುದು ಖಂಡಿತ. ಹಾಸನ ಪಟ್ಟಣದವರಿಗೆ ಇನ್ನೊಂದು ಲೆಕ್ಕವಿದೆ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ಬಾಗಿಲು ತೆರೆದಾಗ ಎಲ್ಲೆಲ್ಲಿಯ ನೆಂಟರೂ ದರ್ಶನಕ್ಕೆ ಬಂದು ಮನೆಯಲ್ಲೇ ಉಳಿಯುತ್ತಾರೆ. ಆ ದಿನಗಳಿಗೆ ಅಕ್ಕಿ 5 ಕೆ.ಜಿ., ತೊಗರಿಬೇಳೆ 1, ಎಣ್ಣೆ 1 ಲೀಟರ್, ಕಾಫಿಪುಡಿ ಕಾಲು ಕೆ.ಜಿ. ಮೊದಲೇ ತಂದು ಬೇರೆ ಇಡಿ. ಬೆಳಿಗ್ಗೆ ಆರು ಗಂಟೆಗೆ ಹತ್ತು ಜನ ಕಾಫಿಗೆ ಕುಳಿತಾಗ ಅಂಗಡಿಗೆ ಓಡುವುದು ಎರಡರಷ್ಟು ಖರ್ಚು.

7. ತಿಂಗಳ ಸಂಬಳವಿಲ್ಲದ ಮನೆಗೆ

ತೋಟದ ಕೆಲಸದಲ್ಲಿ ಕೂಲಿ ಬಟವಾಡೆ ವಾರಕ್ಕೊಮ್ಮೆ. ಅಂಥವರು ಒಂದನೇ ತಾರೀಕಿನ ಚೀಟಿಗೆ ಸಾಲ ಮಾಡುವ ಬದಲು ಚೀಟಿಯನ್ನೇ ನಾಲ್ಕು ಮಾಡಬೇಕು. ಮೊದಲ ವಾರ ಅಕ್ಕಿ, ರಾಗಿ. ಎರಡನೇ ವಾರ ಎಣ್ಣೆ, ಬೇಳೆಕಾಳು. ಮೂರನೇ ವಾರ ಹಿಟ್ಟು, ರವೆ, ಸಕ್ಕರೆ, ಕಾಫಿಪುಡಿ. ನಾಲ್ಕನೇ ವಾರ ಸಾಬೂನು, ಮಸಾಲೆ, ಕಡಿಮೆ ಬಿದ್ದದ್ದು. ತರಕಾರಿ, ಹಾಲು ಪ್ರತಿ ವಾರವೂ. ಎರಡನೇ ಸುತ್ತಿನಿಂದ ಯಾವ ಸಾಮಾನೂ ಪೂರ್ತಿ ಮುಗಿಯುವ ಮೊದಲೇ ಅದರ ವಾರ ಬರುತ್ತದೆ. ಮೊದಲ ಸುತ್ತಿಗೆ ಮಾತ್ರ ಅಂಗಡಿ ಪುಸ್ತಕ ಬೇಕಾಗಬಹುದು.

ವರ್ಷದಲ್ಲಿ 52 ವಾರ, ಹನ್ನೆರಡು ತಿಂಗಳಿಗೆ ನಾಲ್ಕರಂತೆ ಹೋದರೆ 48. ಉಳಿಯುವ ನಾಲ್ಕು ಬಟವಾಡೆ ಐದು ವಾರ ಬೀಳುವ ತಿಂಗಳುಗಳಲ್ಲಿ ಬರುತ್ತವೆ. ಯಾವ ತಿಂಗಳು ಎಂದು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಆ ಐದನೇ ವಾರಕ್ಕೂ ತರಕಾರಿ, ಹಾಲು ಬೇಕು, ಅದನ್ನು ತೆಗೆದು ಮಿಕ್ಕ ದುಡ್ಡು ಮೆಣಸಿನಕಾಯಿಗೆ, ಹುಣಸೆಗೆ, ಮಳೆಗಾಲದ ಅಕ್ಕಿಗೆ. ಜೂನ್ ಹತ್ತಿರ ಮಳೆಯಿಂದ ಕೆಲಸ ತಪ್ಪುವ ವಾರಗಳಿರುತ್ತವೆ, ಅಷ್ಟರೊಳಗೆ ಒಂದು ಚೀಲ ಅಕ್ಕಿ ಹೆಚ್ಚಿಗೆ ಮನೆಯಲ್ಲಿರಲಿ.